ಅಪ್ಪನ ಕಾಲಿನ ಗಾಯಕ್ಕೆ ‘ಕೃತಕ ಚರ್ಮ’ ಹಾಕಿಸಬೇಕಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಶುಗರ್ ಬಂದು ಹದಿನೈದು ವರ್ಷವಾಯಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಒಂದು ಗಾಯವಾಗಿ ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ. ಹತ್ತು ರೂಪಾಯಿ ನಾಣ್ಯದಷ್ಟಿದೆ. ನೋವೇನೂ ಇಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಈಗ ಒಬ್ಬ ಡಾಕ್ಟರು ಕೊಲಾಜೆನ್ ಶೀಟ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕು ಎಂದರು. ಮೀನಿನ ಚರ್ಮ ಹಾಕಿ ಗಾಯ ವಾಸಿ ಮಾಡುವ ವಿಡಿಯೋ ಕೂಡ ನೋಡಿದೆ. ನಮ್ಮದು ಮಾಂಸ ತಿನ್ನದ ಮನೆ. ಆ ಶೀಟ್ ಯಾವುದರಿಂದ ಮಾಡಿದ್ದು ಎಂದು ತಂದೆ ಪದೇ ಪದೇ ಕೇಳುತ್ತಾರೆ. ಖರ್ಚೂ ಜಾಸ್ತಿ. ಹಾಕಿಸಬೇಕಾ? ಹಾಕಿದರೆ ಅದೇ ಚರ್ಮವಾಗಿ ಉಳಿಯುತ್ತದಾ?
ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಶೀಟಿನ ಮೇಲಲ್ಲ, ‘ನೋವೇನೂ ಇಲ್ಲ’ ಎಂಬ ಮಾತಿನ ಮೇಲೆ. ಅಂಗಾಲಿನಲ್ಲಿ ಅಷ್ಟು ದೊಡ್ಡ ಗಾಯ ಇಟ್ಟುಕೊಂಡು ನೋವಿಲ್ಲದೆ ನಡೆಯುತ್ತಾರೆ ಎಂದರೆ ಕಾಲಿನ ನರಗಳು ಸ್ಪರ್ಶ ಕಳೆದುಕೊಂಡಿವೆ ಎಂದೇ ಹೆಚ್ಚಿನ ಮಟ್ಟಿಗೆ ಅರ್ಥ. ನಮಗಾದರೆ ಸಣ್ಣ ಗುಳ್ಳೆ ಎದ್ದರೂ ಕುಂಟುತ್ತೇವೆ. ಹಾಗೆ ಕುಂಟುವುದೇ ಗಾಯಕ್ಕೆ ಸಿಗುವ ವಿಶ್ರಾಂತಿ. ನಿಮ್ಮ ತಂದೆಯವರು ಕುಂಟುವುದಿಲ್ಲ. ಹೆಬ್ಬೆರಳ ಬುಡ ಅಂದರೆ ಪ್ರತಿ ಹೆಜ್ಜೆಯಲ್ಲೂ ಮೈಭಾರ ಬಂದು ಬೀಳುವ ಜಾಗ. ರಾತ್ರಿಯಿಡೀ ಕೂಡಿಕೊಂಡ ಹೊಸ ಮಾಂಸವನ್ನು ಬೆಳಿಗ್ಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಳಿದು ಹಾಕಿರುತ್ತಾರೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಆ ಭಾರ ತಪ್ಪಿಸದೆ ಯಾವ ಶೀಟ್ ಹಾಕಿದರೂ ಅದನ್ನೂ ತುಳಿದು ಹಾಕುತ್ತಾರೆ, ಅಷ್ಟೇ. ಶೀಟ್ ದನದ್ದೋ ಮೀನಿನದ್ದೋ ಅನ್ನುವ ಪ್ರಶ್ನೆ ಆಮೇಲೆ ಬರುತ್ತದೆ.

ಈಗ ಇವು ಏನು ಎಂದು ನೋಡೋಣ. ‘ಕೃತಕ ಚರ್ಮ’ ಅಂತ ಹೆಸರಿಟ್ಟಿದ್ದರಿಂದ ಜನ ಅದನ್ನು ಪಂಕ್ಚರ್ ಪ್ಯಾಚ್ ಥರ ಅಂದುಕೊಳ್ಳುತ್ತಾರೆ. ಅಂಟಿಸಿದರೆ ತೂತು ಮುಚ್ಚಿತು ಅಂತ. ಹಾಗಲ್ಲ. ನಮ್ಮ ಚರ್ಮಕ್ಕೆ ಎರಡು ಪದರ. ಮೇಲಿನದು ತೆಳ್ಳಗಿನ ಕೋಶಗಳ ಹೊದಿಕೆ, ಅದು ತಾನಾಗಿ ಸದಾ ಹೊಸದಾಗುತ್ತಿರುತ್ತದೆ. ಕೆಳಗಿನದು ದಪ್ಪ. ಅದರಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ನೇಯ್ಗೆ, ರಕ್ತನಾಳ, ನರ, ಬೆವರು ಗ್ರಂಥಿ ಎಲ್ಲ ಇರುತ್ತವೆ. ಮೇಲಿನ ಪದರ ಹೋದರೆ ಮತ್ತೆ ಬೆಳೆಯುತ್ತದೆ. ಕೆಳಗಿನದು ಪೂರ್ತಿ ಹೋದರೆ ಮೊದಲಿನ ಹಾಗೆ ಬೆಳೆಯುವುದಿಲ್ಲ, ಕಲೆಗಟ್ಟಿ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಜೈವಿಕ ಶೀಟ್‌ಗಳು ಕೊಡುವುದು ಈ ಕೆಳಪದರದ ನೇಯ್ಗೆಯನ್ನು ಮಾತ್ರ. ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಅದೇ ಕೆಲಸ. ಬಳ್ಳಿ ನಿಮ್ಮ ತಂದೆಯವರದೇ ಆಗಬೇಕು. ಅವರ ಕೋಶಗಳು ಹಬ್ಬಬೇಕು, ಅವರ ರಕ್ತನಾಳ ಒಳಗೆ ಚಿಗುರಬೇಕು. ಹಬ್ಬಿದ ಮೇಲೆ ಚಪ್ಪರ ನಿಧಾನವಾಗಿ ಕರಗಿ ಹೋಗುತ್ತದೆ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ಅದು ಹಾಗೇ ಚರ್ಮವಾಗಿ ಉಳಿಯುವುದಿಲ್ಲ. ಒಂದೆರಡು ವಾರಕ್ಕೆ ಶೀಟ್ ಹಳದಿಯಾಗಿ ಲೋಳೆಯಂತೆ ಕಂಡರೆ ಬಹಳ ಮನೆಯವರು ‘ಕೊಳೆತು ಹೋಯಿತು’ ಎಂದು ಗಾಬರಿಯಾಗುತ್ತಾರೆ. ಕರಗುತ್ತಿರುವ ಶೀಟ್ ಕಾಣುವುದೇ ಹಾಗೆ. ಆದರೆ ಕೆಟ್ಟ ವಾಸನೆ, ಸುತ್ತ ಕೆಂಪು, ಜ್ವರ ಇದ್ದರೆ ಅದು ನಂಜು. ಮನೆಯಲ್ಲಿ ನೀವೇ ತೀರ್ಮಾನ ಮಾಡಬೇಡಿ, ಡ್ರೆಸ್ಸಿಂಗ್ ಮಾಡುವವರಿಗೆ ತೋರಿಸಿ.

ಕೊಲಾಜೆನ್ ಹಾಕುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಹಳೆಯ ಗಾಯದಲ್ಲಿ ಮಾಂಸವನ್ನೇ ಕರಗಿಸುವ ಕಿಣ್ವಗಳು ಜಾಸ್ತಿ ಇರುತ್ತವೆ. ದೇಹ ಹೊಸದಾಗಿ ಕಟ್ಟಿದ್ದನ್ನು ಅವೇ ತಿಂದುಹಾಕುತ್ತವೆ. ಹೊರಗಿನಿಂದ ಕೊಲಾಜೆನ್ ಕೊಟ್ಟರೆ ಕಿಣ್ವಗಳು ಅದನ್ನು ತಿನ್ನುತ್ತಾ ಕೂರುತ್ತವೆ, ಗಾಯದ ಸ್ವಂತ ಮಾಂಸ ಉಳಿಯುತ್ತದೆ ಎನ್ನುವುದು ಲೆಕ್ಕಾಚಾರ. ಕೇಳಲು ಚೆನ್ನಾಗಿದೆ. ಆದರೆ ಮಧುಮೇಹದ ಪಾದದ ಬಗ್ಗೆ ಕೆಲಸ ಮಾಡುವ ಐಡಬ್ಲ್ಯೂಜಿಡಿಎಫ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರ ಮಾರ್ಗಸೂಚಿಯಲ್ಲಿ ಏನು ಹೇಳಿದೆ ಗೊತ್ತಾ? ಮಧುಮೇಹಿಗಳ ಪಾದದ ಹುಣ್ಣು ಮಾಯಿಸಲೆಂದು ಕೊಲಾಜೆನ್ ಡ್ರೆಸ್ಸಿಂಗ್ ಬಳಸಬೇಡಿ ಎಂದಿದೆ. ಜೀವಕೋಶ ಇರುವ, ಇಲ್ಲದ ಚರ್ಮ ಬದಲಿಗಳನ್ನೂ ಎಲ್ಲರಿಗೂ ಮಾಮೂಲಿಯಾಗಿ ಹಾಕುತ್ತಾ ಹೋಗಬೇಡಿ ಎಂದು ಸೂಚಿಸಿದೆ. ಹೆರಿಗೆಯಲ್ಲಿ ಬರುವ ಮಾಸಿನ ಪೊರೆಯಿಂದ ಮಾಡಿದ ಉತ್ಪನ್ನಗಳನ್ನು ಮಾತ್ರ, ಉಳಿದ ಆರೈಕೆ ಸರಿಯಾಗಿ ಮಾಡಿಯೂ ಗಾಯ ಜಗ್ಗದಿದ್ದರೆ ಪರಿಗಣಿಸಬಹುದು ಎಂದಿದೆ. ಇಷ್ಟಾದರೂ ನಮ್ಮ ಊರುಗಳಲ್ಲಿ ಪಾದದ ಗಾಯ ಕಂಡ ಕೂಡಲೇ ಕೊಲಾಜೆನ್ ಚೀಟಿ ಬರೆಯುವುದು ನಿಂತಿಲ್ಲ. ಎಲ್ಲರೂ ದುಡ್ಡಿಗಾಗಿ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಏನಾದರೂ ಹೊಸದು ಮಾಡಿ ಎಂದು ಮನೆಯವರೂ ಒತ್ತಾಯ ಮಾಡುತ್ತಾರೆ, ಅಲ್ವಾ?

ಲೆಕ್ಕವನ್ನೇ ನೋಡಿ. ಅಮೆರಿಕದಲ್ಲಿ ಆಪ್ಲಿಗ್ರಾಫ್ ಎಂಬ ಎರಡು ಪದರದ ಜೀವಂತ ಚರ್ಮವಿದೆ. ಸುನ್ನತಿ ಮಾಡಿದಾಗ ಸಿಕ್ಕ ಶಿಶುಗಳ ಚರ್ಮದ ಕೋಶಗಳನ್ನು ದನದ ಕೊಲಾಜೆನ್ ಮೇಲೆ ಬೆಳೆಸಿ ಮಾಡುವ ಉತ್ಪನ್ನ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಹಾಕಿಸಿಕೊಂಡವರಲ್ಲಿ 12 ವಾರದೊಳಗೆ ಶೇ. 56 ಜನರ ಗಾಯ ಪೂರ್ತಿ ಮಾಯಿತು. ಹಾಕಿಸಿಕೊಳ್ಳದೆ ಒಳ್ಳೆಯ ಆರೈಕೆಯನ್ನಷ್ಟೇ ಪಡೆದವರಲ್ಲಿ ಶೇ. 38. ಡರ್ಮಾಗ್ರಾಫ್ ಎಂಬ ಇನ್ನೊಂದರಲ್ಲಿ ಶೇ. 30 ಮತ್ತು ಶೇ. 18. ಲಾಭ ಇದೆ, ಇಲ್ಲ ಅನ್ನುವಂತಿಲ್ಲ. ಆದರೆ ಅದೇ 2001ರಲ್ಲಿ ಬಂದ ಮತ್ತೊಂದು ಅಧ್ಯಯನ ಸುಮ್ನೆ ಪ್ಲಾಸ್ಟರ್ ಬಗ್ಗೆ. ಅಂಗಾಲಿನ ಗಾಯದವರಿಗೆ ಮೊಣಕಾಲ ಕೆಳಗಿನವರೆಗೆ, ಪಾದಕ್ಕೆ ಸರಿಯಾಗಿ ಅಂಟಿಕೊಳ್ಳುವ ಪ್ಲಾಸ್ಟರ್ ಹಾಕಿ ಭಾರ ಹಂಚಿದರು. ಇದನ್ನು ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುತ್ತಾರೆ. 12 ವಾರಕ್ಕೆ ಸುಮಾರು ಶೇ. 90 ಜನರ ಗಾಯ ಮಾಯಿತು. ಬೇಕಾದಾಗ ಬಿಚ್ಚಬಹುದಾದ ಬೂಟು ಕೊಟ್ಟವರಲ್ಲಿ ಶೇ. 65 ಮಾತ್ರ.

ಈ ಅಧ್ಯಯನಗಳ ರೋಗಿಗಳು ಬೇರೆ, ಗಾಯಗಳು ಬೇರೆ. ಹಾಗಾಗಿ ಶೇ. 90 ಮತ್ತು ಶೇ. 56ನ್ನು ಪಕ್ಕಪಕ್ಕ ಇಟ್ಟು ಪಂದ್ಯ ಕಟ್ಟಬಾರದು. ಆದರೂ ದಿಕ್ಕು ಯಾವುದು ಎಂದು ಗೊತ್ತಾಗುತ್ತದೆ. ಬಿಚ್ಚಬಹುದಾದ ಬೂಟು ಯಾಕೆ ಸೋತಿತು ಎನ್ನುವುದಕ್ಕೂ ಉತ್ತರ ಸಿಕ್ಕಿದೆ. ಅದೇ ತಂಡ ಆಮೇಲೆ ಬೂಟಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿತು. ದಿನದ ಓಡಾಟದಲ್ಲಿ ಶೇ. 28ರಷ್ಟರಲ್ಲಿ ಮಾತ್ರ ಜನ ಬೂಟು ಹಾಕಿದ್ದರು. ಉಳಿದದ್ದೆಲ್ಲ ‘ಇಲ್ಲೇ ಅಡುಗೆಮನೆಗೆ’, ‘ಇಲ್ಲೇ ಬಾಗಿಲಿಗೆ’ ಅಂತ ಹೋಗಿ ಬಂದದ್ದು. ನಮ್ಮಲ್ಲಿ ಮನೆಯೊಳಗೆ ಚಪ್ಪಲಿ ಹಾಕುವ ಪದ್ಧತಿಯೇ ಇಲ್ಲ. ದೇವರ ಕೋಣೆಗೆ, ದೇವಸ್ಥಾನಕ್ಕೆ ಬರಿಗಾಲು. ಹೊಲಕ್ಕೂ ಎಷ್ಟೋ ಜನ ಬರಿಗಾಲಲ್ಲೇ ಹೋಗುತ್ತಾರೆ.

ಆದ್ದರಿಂದ ಶೀಟಿಗೆ ದುಡ್ಡು ಕೊಡುವ ಮೊದಲು ಈ ಕೆಲವು ವಿಷಯ ಆಗಿದೆಯಾ ಎಂದು ಡಾಕ್ಟರನ್ನು ಕೇಳಿ. ಸಂಕೋಚ ಬೇಡ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯಾ? ಇದೇ ಎಲ್ಲಕ್ಕಿಂತ ಮುಖ್ಯ. ಬುಡಕ್ಕೆ ನೀರಿಲ್ಲದಿದ್ದರೆ ಚಪ್ಪರ ಎಷ್ಟು ಚೆಂದ ಇದ್ದರೇನು. ಸಾಮಾನ್ಯವಾಗಿ ಕೈ ಮತ್ತು ಕಣಕಾಲಿನ ಬಿಪಿಯನ್ನು ಹೋಲಿಸಿ ನೋಡುತ್ತಾರೆ. ಶುಗರ್ ಹಳೆಯದಾದರೆ ಒಂದು ತೊಡಕಿದೆ. ರಕ್ತನಾಳದ ಗೋಡೆಗೆ ಸುಣ್ಣ ಕೂತು ಗಟ್ಟಿಯಾಗಿರುತ್ತದೆ. ಆಗ ಕಣಕಾಲಿನ ಲೆಕ್ಕ ಸುಳ್ಳೇ ಚೆನ್ನಾಗಿ ಬರುತ್ತದೆ. ಅದಕ್ಕೆ ಹೆಬ್ಬೆರಳಿನ ಒತ್ತಡ ಅಳೆಯುವುದು ಒಳ್ಳೆಯದು. ಅದು 30ಕ್ಕಿಂತ ಕಡಿಮೆ ಇದ್ದರೆ ಶೀಟ್, ಕಸಿ ಎಲ್ಲ ಪಕ್ಕಕ್ಕಿಡಿ. ಮೊದಲು ರಕ್ತನಾಳದ ತಜ್ಞರನ್ನು ಕಾಣಬೇಕು. ಹೃದಯಕ್ಕೆ ಮಾಡುವ ಹಾಗೆ ಕಾಲಿಗೂ ಬಲೂನ್ ಆಂಜಿಯೋಪ್ಲಾಸ್ಟಿ ಮಾಡುತ್ತಾರೆ. ಹರಿವು ತೆರೆದ ಮೇಲೆ ಎಷ್ಟೋ ಗಾಯಗಳು ಯಾವ ಶೀಟೂ ಇಲ್ಲದೆ ಮಾಯುತ್ತವೆ.

ಮೂಳೆಗೆ ನಂಜು ಇಳಿದಿದೆಯಾ? ನಾಲ್ಕು ತಿಂಗಳ ಗಾಯದಲ್ಲಿ ಈ ಅನುಮಾನ ಇಟ್ಟುಕೊಳ್ಳಲೇಬೇಕು. ಶುದ್ಧ ಮಾಡಿದ ಕಡ್ಡಿಯನ್ನು ಗಾಯದೊಳಗೆ ಮೆಲ್ಲಗೆ ಇಳಿಸಿದಾಗ ಗಟ್ಟಿಯಾಗಿ ಮೂಳೆ ತಗುಲಿದರೆ ಅನುಮಾನ ಬಲವಾಗುತ್ತದೆ. ಎಕ್ಸ್‌ರೇ ಬೇಕು. ಮೂಳೆಯ ನಂಜು ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಹಾಗಾಗಿ ಮತ್ತೆ ತೆಗೆಸಬೇಕಾಗುತ್ತದೆ. ನಂಜನ್ನು ಒಳಗೆ ಬಿಟ್ಟು ಮೇಲೆ ಶೀಟ್ ಮುಚ್ಚುವುದು ಅಪಾಯ.

ಸುತ್ತಲಿನ ಜಡ್ಡು ಕೆರೆದು ತೆಗೆಯುತ್ತಿದ್ದಾರಾ? ಅಂಗಾಲಿನ ಗಾಯದ ಅಂಚಿನಲ್ಲಿ ಬಿಳಿ ಜಡ್ಡು ಕಟ್ಟುತ್ತದೆ. ಅದು ಇರುವಷ್ಟು ದಿನ ಒಳಗೆ ಒತ್ತುತ್ತಲೇ ಇರುತ್ತದೆ, ಅಂಚಿನಿಂದ ಚರ್ಮ ಒಳಗೆ ತೆವಳಲು ಬಿಡುವುದಿಲ್ಲ. ಬ್ಲೇಡಿನಿಂದ ಅದನ್ನು ತೆಗೆದು, ಸತ್ತ ಮಾಂಸ ತೆಗೆದು, ಕೆಂಪಗೆ ರಕ್ತ ಜಿನುಗುವ ನೆಲ ಕಾಣಿಸಬೇಕು. ಬರೀ ಬೆಟಾಡಿನ್ ಹಚ್ಚಿ ಗಾಜ್ ಸುತ್ತಿ ಕಳಿಸಿದರೆ ಅದು ಡ್ರೆಸ್ಸಿಂಗ್ ಬದಲಾಯಿಸಿದ್ದು, ಗಾಯಕ್ಕೆ ಚಿಕಿತ್ಸೆ ಆಗಲಿಲ್ಲ. ಕಾಲಾಣಿ ಅಂತ ಮನೆಯಲ್ಲಿ ನೀವೇ ಬ್ಲೇಡ್ ಹಿಡಿಯಬೇಡಿ. ಅಂಗಡಿಯ ಕಾರ್ನ್ ಪ್ಲಾಸ್ಟರೂ ಬೇಡ, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸ್ಪರ್ಶವಿಲ್ಲದ ಕಾಲನ್ನು ಬಿಸಿನೀರಲ್ಲಿ ಇಡುವುದೂ ಬೇಡ.

ಭಾರ ತಪ್ಪಿಸುವ ಬಗ್ಗೆ ಆಗಲೇ ಹೇಳಿದೆ. ಪ್ಲಾಸ್ಟರ್ ಹಾಕುವವರಿಗೆ ಅದರ ತರಬೇತಿ ಇರಬೇಕು. ರಕ್ತ ಹರಿವು ಕಡಿಮೆ ಇದ್ದರೆ, ನಂಜು ಜೋರಾಗಿದ್ದರೆ ಹಾಕುವ ಹಾಗಿಲ್ಲ. ಮೂಳೆ ಮುರಿದಾಗ ಹಾಕುವ ಮಾಮೂಲಿ ಪ್ಲಾಸ್ಟರ್ ಇದಲ್ಲ. ನಿಮ್ಮ ಕಡೆ ಸಿಗದಿದ್ದರೆ ಬೆಂಗಳೂರಿನ ಸರ್ಕಾರಿ ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಜನ ‘ಡಯಾಬಿಟಾಲಜಿ ಆಸ್ಪತ್ರೆ’ ಎನ್ನುವಲ್ಲಿ, ಪಾದಕ್ಕೇ ಬೇರೆ ವಿಭಾಗ ಇದೆ. ಒಮ್ಮೆ ಹೋಗಿ ಬರುವುದು ಲೇಸು.

ಇನ್ನು ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ. ವಾರಕ್ಕೊಮ್ಮೆ ಡ್ರೆಸ್ಸಿಂಗ್ ಬಿಚ್ಚಿದಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಉದ್ದ, ಅಗಲ ಗುಣಿಸಿ ಬರೆದಿಡಿ. ಈಗ 2.7 ಸೆಂ.ಮೀ. ಉದ್ದ, 2.7 ಅಗಲ ಇದ್ದರೆ ಗುಣಲಬ್ಧ 7ರ ಆಸುಪಾಸು. ಮೇಲೆ ಹೇಳಿದ ಎಲ್ಲವನ್ನೂ ಸರಿಯಾಗಿ ಮಾಡಿ ನಾಲ್ಕು ವಾರಕ್ಕೆ ಅದು ಅರ್ಧಕ್ಕೆ, ಅಂದರೆ ಮೂರೂವರೆಗೆ ಇಳಿದಿದ್ದರೆ ದಾರಿ ಸರಿ ಇದೆ, ಹಾಗೇ ಮುಂದುವರಿಯಿರಿ, ಶೀಟ್ ಬೇಡ. ಇಳಿಯದಿದ್ದರೆ ಆಗ ಮುಂದಿನ ಹೆಜ್ಜೆ ಮಾತಾಡಬಹುದು. ನಾಲ್ಕು ತಿಂಗಳು ಕಾದಿದ್ದೇವೆ ಎಂದು ನೀವು ಬರೆದಿದ್ದೀರಿ. ನನ್ನ ಪ್ರಕಾರ ಲೆಕ್ಕ ಶುರುವಾಗುವುದು ಭಾರ ತಪ್ಪಿಸಿದ ದಿನದಿಂದ.

ಆಗಲೂ ಗಾಯ ಜಗ್ಗದಿದ್ದರೆ ಯಾವುದನ್ನು ಹಾಕಿಸುವುದು? ನಿಮ್ಮ ತಂದೆಯವರ ಪ್ರಶ್ನೆ ಇಲ್ಲಿ ಬರುತ್ತದೆ. ಅದು ಸಣ್ಣ ಪ್ರಶ್ನೆಯಲ್ಲ. ಸಹಿ ಹಾಕಿಸಿಕೊಳ್ಳುವ ಮೊದಲು ಶೀಟ್ ಯಾವ ಪ್ರಾಣಿಯದು ಎಂದು ಹೇಳುವುದು ಡಾಕ್ಟರುಗಳಾದ ನಮ್ಮ ಕರ್ತವ್ಯ. ಎಷ್ಟೋ ಕಡೆ ಹೇಳುವುದಿಲ್ಲ. ನಮ್ಮಲ್ಲಿ ಸಿಗುವ ಕೊಲಾಜೆನ್ ಶೀಟ್‌ಗಳು ಹೆಚ್ಚಾಗಿ ದನದ ಮೂಲದವು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಕೊಲಾಜೆನ್ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಬೋಸ್ಟನ್ನಿನ ಬರ್ಕ್ ಮತ್ತು ಯಾನಾಸ್ 1981ರಲ್ಲಿ ಜಗತ್ತಿಗೆ ತೋರಿಸಿದ ಕೃತಕ ಚರ್ಮದ ಕೆಳಪದರವೂ ದನದ ಕೊಲಾಜೆನ್ನೇ. ಜೊತೆಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಅಂಶ, ಮೇಲೆ ಸಿಲಿಕೋನ್ ಹಾಳೆ. ಹಂದಿಯ ಕರುಳಿನ ಒಳಪದರದಿಂದ ಮಾಡಿದ್ದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ‘ಕೋಲಿಡರ್ಮ್’ ಎಂಬುದನ್ನು ಮಾಡಿದ್ದಾರೆ, 2023ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವೆಲ್ಲದರಲ್ಲೂ ಪ್ರಾಣಿಯ ಕೋಶಗಳನ್ನು ತೊಳೆದು ತೆಗೆದು ಎಳೆಗಳನ್ನಷ್ಟೇ ಉಳಿಸಿರುತ್ತಾರೆ. ಹಾಗೆಂದು ತಂದೆಯವರಿಗೆ ಸಮಾಧಾನವಾಗಬೇಕು ಎಂದೇನಿಲ್ಲ. ಬೇಡ ಎಂದರೆ ಬೇಡ. ಮಾಸಿನ ಪೊರೆ ಮನುಷ್ಯರದು, ತಾಯಿಯ ಒಪ್ಪಿಗೆ ಪಡೆದು ರೋಗಗಳ ಪರೀಕ್ಷೆ ಮಾಡಿ ಒಣಗಿಸಿಟ್ಟದ್ದು, ಅದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲಬೇಕಿಲ್ಲ. ಪಾದದ ಗಾಯಕ್ಕೆ ಅದಕ್ಕೇ ಸ್ವಲ್ಪ ಹೆಚ್ಚು ಆಧಾರವೂ ಇರುವುದರಿಂದ ನಿಮ್ಮ ಮನೆಗೆ ಎರಡೂ ಲೆಕ್ಕದಲ್ಲಿ ಹೊಂದುತ್ತದೆ. ಬಾಳೆ ಎಲೆ, ಆಲೂಗಡ್ಡೆ ಸಿಪ್ಪೆಯನ್ನೂ ಮುಂಬೈನ ಡಾಕ್ಟರುಗಳು ಸುಟ್ಟಗಾಯಕ್ಕೆ ಡ್ರೆಸ್ಸಿಂಗ್ ಮಾಡಿ ಬಳಸಿದ್ದಾರೆ, ತಂದೆಯವರಿಗೆ ಹೇಳಿ, ಖುಷಿಪಡಬಹುದು! ಆದರೆ ಅದು ಆಸ್ಪತ್ರೆಯಲ್ಲಿ ಶುದ್ಧೀಕರಿಸಿ ಹಾಕಿದ್ದು, ಗಾಯವನ್ನು ಮುಚ್ಚಿಡಲು ಅಷ್ಟೇ.

ಮೀನಿನ ಚರ್ಮದ ವಿಡಿಯೋ ಬ್ರೆಜಿಲ್‌ನದ್ದಿರಬೇಕು. ಫೋರ್ಟಲೇಜಾ ಊರಿನಲ್ಲಿ ತಿಲಾಪಿಯಾ ಮೀನಿನ ಚರ್ಮವನ್ನು ಶುದ್ಧೀಕರಿಸಿ ಸುಟ್ಟಗಾಯಕ್ಕೆ ಹಾಕುತ್ತಾರೆ. ಅಲ್ಲಿ ಚರ್ಮದ ಬ್ಯಾಂಕುಗಳು ಸಾಲದು, ಮೀನು ಸಾಕಣೆ ಹೇರಳ. ಐಸ್‌ಲ್ಯಾಂಡಿನ ಇಸಾಫ್ಯೋರ್ಡುರ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ ಕೆರೆಸಿಸ್ ಕಂಪನಿ ಕಾಡ್ ಮೀನಿನ ಚರ್ಮದ ಕೋಶ ತೆಗೆದು ಮಾರುತ್ತದೆ. ತಣ್ಣೀರಿನ ಮೀನಿನಿಂದ ಮನುಷ್ಯರಿಗೆ ವೈರಸ್ ಹರಡುವ ಭಯ ತೀರಾ ಕಡಿಮೆ. ಹಾಗಾಗಿ ಅದನ್ನು ದನ, ಹಂದಿಯದರಷ್ಟು ಕಟುವಾಗಿ ಸಂಸ್ಕರಿಸಬೇಕಿಲ್ಲ, ನೇಯ್ಗೆ ಚೆನ್ನಾಗಿ ಉಳಿಯುತ್ತದೆ. ದುಬಾರಿ ಮಾಲು. ಸಂತೆಯ ಮೀನಿನ ಚರ್ಮ ತಂದು ಅಂಟಿಸುವ ಸಾಹಸ ಮಾತ್ರ ಯಾರೂ ಮಾಡಬಾರದು.

ತೊಡೆಯ ಚರ್ಮದ ಕಸಿ ಬಗ್ಗೆ. ಸ್ವಂತ ಚರ್ಮಕ್ಕೆ ಸಾಟಿ ಇಲ್ಲ. ದೇಹ ಅದನ್ನು ತಿರಸ್ಕರಿಸುವುದಿಲ್ಲ, ಹಿಡಿದರೆ ಶಾಶ್ವತ. ತೊಡೆಯಿಂದ ತೆಳ್ಳಗೆ ತೆಗೆದ ಜಾಗ ಎರಡು ವಾರದ ಹೊತ್ತಿಗೆ ಮಾಯುತ್ತದೆ. ಮೀನಖಂಡದ ಮೇಲೋ ಪಾದದ ಮೇಲ್ಭಾಗದಲ್ಲೋ ದೊಡ್ಡ ಗಾಯ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಭಾರ ಹೊರುವ ಅಂಗಾಲಿಗೆ ತೊಡೆಯ ತೆಳು ಚರ್ಮ ಅಷ್ಟು ತಾಳುವುದಿಲ್ಲ. ನಿಮ್ಮ ತಂದೆಯವರ ನಾಣ್ಯದಷ್ಟು ಗಾಯ ಅಂಚಿನಿಂದಲೇ ಕೂಡಿಕೊಂಡರೆ ಇನ್ನೂ ಒಳ್ಳೆಯದು. ಹೆಬ್ಬೆರಳು ಮೇಲಕ್ಕೆ ಬಗ್ಗದೆ ಬಿಗಿದಿದ್ದರೆ, ಹಿಮ್ಮಡಿಯ ಸ್ನಾಯು ಬಿಗಿಯಾಗಿದ್ದರೆ ಅದನ್ನು ಸಡಿಲಿಸುವ ಸಣ್ಣ ಆಪರೇಷನ್ ಕೆಲವೊಮ್ಮೆ ಕಸಿಗಿಂತ ಹೆಚ್ಚು ಉಪಕಾರಿ. ಅದನ್ನೂ ಕೇಳಿ ನೋಡಿ.

ಹಾಗಾದರೆ ಈ ಶೀಟ್‌ಗಳು ಯಾರಿಗೂ ಬೇಡವಾ? ಬೇಕು, ಸುಟ್ಟಗಾಯದಲ್ಲಿ ಬಹಳ ಬೇಕು. ಬಿಸಿ ಸಾರು ಮೈಮೇಲೆ ಚೆಲ್ಲಿಕೊಂಡ ಮಗುವಿನ ಮೇಲ್ಪದರದ ಸುಟ್ಟಗಾಯಕ್ಕೆ, ತೊಳೆದು ಶುದ್ಧವಿರುವಾಗಲೇ ಕೊಲಾಜೆನ್ ಹಾಕಿದರೆ ಅದು ಅಂಟಿಕೊಂಡು ಕೂರುತ್ತದೆ. ದಿನಾ ಡ್ರೆಸ್ಸಿಂಗ್ ಬಿಚ್ಚುವ ನೋವು ಮಗುವಿಗೆ ತಪ್ಪುತ್ತದೆ. ಕೆಳಗೆ ಚರ್ಮ ಬಂದ ಮೇಲೆ ತಾನೇ ಒಣಗಿ ಸಿಪ್ಪೆಯಂತೆ ಉದುರುತ್ತದೆ. ಅಲ್ಲಿ ರಕ್ತ ಹರಿವು ಚೆನ್ನಾಗಿದೆ, ಭಾರ ಬೀಳುವುದಿಲ್ಲ, ಗಾಯ ಹೊಸದು. ಅದಕ್ಕೇ ಕೆಲಸ ಮಾಡುತ್ತದೆ. ಮೈಯ ಅರ್ಧ ಭಾಗ ಆಳವಾಗಿ ಸುಟ್ಟವರಿಗೆ ಸ್ವಂತ ಚರ್ಮ ತೆಗೆಯಲು ಜಾಗವೇ ಇರುವುದಿಲ್ಲ. ಅಂಥವರನ್ನು ಉಳಿಸುವುದು ದಾನಿಗಳ ಚರ್ಮ. ಸತ್ತ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳು ಪದರ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಿಲ್ಲ. ಗ್ಲಿಸರಿನ್‌ನಲ್ಲಿ ವರ್ಷಗಟ್ಟಲೆ ಇಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಶುರುವಾಯಿತು, ಬೆಳಗಾವಿಯ ಕೆಎಲ್‌ಇಯಲ್ಲೂ ಇದೆ. ಕಣ್ಣು ದಾನ ಮಾಡುವವರು ಇದನ್ನೂ ಮನೆಯವರಿಗೆ ಹೇಳಿಟ್ಟಿರಿ.

ಖರ್ಚಿನ ಮಾತು. ದೇಶಿ ಕೊಲಾಜೆನ್ ಶೀಟ್ ಗಾತ್ರ ನೋಡಿಕೊಂಡು ಕೆಲವು ನೂರರಿಂದ ಕೆಲವು ಸಾವಿರ ರೂಪಾಯಿ. ಹೊರಗಿನವು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಬೆಲೆ ಏರುತ್ತವೆ, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ದುಡ್ಡು, ಗಾಯ ಎಷ್ಟು ಕಿರಿದಾಗದಿದ್ದರೆ ನಿಲ್ಲಿಸುತ್ತೀರಿ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಈ ವ್ಯಾಪಾರ ಎಲ್ಲಿಗೆ ಹೋಗಬಹುದು ಎನ್ನುವುದಕ್ಕೆ ಅಮೆರಿಕ ಇದೆ. ಅಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಚರ್ಮ ಬದಲಿಗಳಿಗೆ 2019ರಲ್ಲಿ ಕೊಟ್ಟದ್ದು ಸುಮಾರು 25 ಕೋಟಿ ಡಾಲರ್. 2024ರಲ್ಲಿ ಅದು 1,000 ಕೋಟಿ ಡಾಲರ್ ದಾಟಿತು. ಐದು ವರ್ಷದಲ್ಲಿ ಅಲ್ಲಿನ ಮುದುಕರ ಗಾಯಗಳು ನಲವತ್ತು ಪಟ್ಟು ಹೆಚ್ಚಿರಲು ಸಾಧ್ಯವಿಲ್ಲ, ಅಲ್ವಾ? ಸರ್ಕಾರವೇ ಮೋಸದ ಅನುಮಾನದಿಂದ ತನಿಖೆಗೆ ಇಳಿದು, ಬೆಲೆಗೆ ಮಿತಿ ಹಾಕಬೇಕಾಯಿತು.

ಗಾಯ ಮಾಯಲಿ, ಮಾಯುತ್ತದೆ ಎಂಬ ನಂಬಿಕೆ ನನಗಿದೆ. ಆದರೆ ಮಾಯಿದ ಪಾದದ ಹುಣ್ಣುಗಳಲ್ಲಿ ಶೇ. 40ರಷ್ಟು ಒಂದೇ ವರ್ಷದಲ್ಲಿ ಮತ್ತೆ ತೆರೆದುಕೊಳ್ಳುತ್ತವೆ. ಹಾಗಾಗಿ ಎಂಸಿಆರ್ ಚಪ್ಪಲಿಯನ್ನು, ಅಂದರೆ ಮೆತ್ತನೆಯ ರಬ್ಬರ್ ಹಾಕಿದ ಚಪ್ಪಲಿಯನ್ನು, ಅಳತೆ ಕೊಟ್ಟು ಈಗಲೇ ಮಾಡಿಸಿ. ಎರಡು ಜೊತೆ ಮಾಡಿಸಿ, ಒಂದು ಮನೆಯೊಳಗೆ ಮಾತ್ರ ಹಾಕಲು. ದೇವರ ಕೋಣೆಗೂ ಅದನ್ನೇ ಹಾಕಿಕೊಂಡು ಹೋಗಲಿ ಎಂದು ಮನೆಯ ಹಿರಿಯರು ಒಮ್ಮೆ ಬಾಯಿಬಿಟ್ಟು ಹೇಳಿದರೆ ತಂದೆಯವರು ಒಪ್ಪುತ್ತಾರೆ. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲನ್ನು ಬೆಳಕಿನಲ್ಲಿ ನೀವು ನೋಡಿ, ಅವರಿಗೆ ಕಾಣುವುದಿಲ್ಲ. ಈ ನಡುವೆ ಪಾದ ಕೆಂಪಾಗಿ ಊದಿಕೊಂಡರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ, ಇದ್ದಕ್ಕಿದ್ದಂತೆ ಶುಗರ್ ಏರಿದರೆ ಮುಂದಿನ ಡ್ರೆಸ್ಸಿಂಗ್ ದಿನದವರೆಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೊರಡಿ.